ನೊನಾಕ್ಸಿನಾಲ್-9: ವೀರ್ಯಾಣು ಕೊಲ್ಲುತ್ತದೆ, ಸೋಂಕು ತಡೆಯುವುದಿಲ್ಲ

ಕೆಲವು ಕಾಂಡೋಮ್ ಪ್ಯಾಕೆಟ್, ಜೆಲ್, ಯೋನಿಯೊಳಗೆ ಇಡುವ ಮಾತ್ರೆಗಳ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ಈ ಹೆಸರಿರುತ್ತದೆ. ಚಿಕ್ಕದಾಗಿ ಎನ್-9 ಅನ್ನುತ್ತಾರೆ. ಗರ್ಭ ನಿಲ್ಲದಂತೆ ಬಳಸುವ ವೀರ್ಯಾಣುನಾಶಕ ಇದು. ಡಿಟರ್ಜೆಂಟ್ ಜಾತಿಯ ರಾಸಾಯನಿಕ. ಜಿಡ್ಡು ಬಿಡಿಸುವುದೇ ಇದರ ಗುಣ. ವೀರ್ಯಾಣುವಿನ ಹೊರಪೊರೆಯಲ್ಲಿ ಕೊಬ್ಬಿನಂಶ ಇರುವುದರಿಂದ ಅದನ್ನು ಒಡೆದುಬಿಡುತ್ತದೆ.

ಎಚ್‌ಐವಿ ವೈರಸ್‌ಗೂ ಅಂಥದ್ದೇ ಹೊದಿಕೆ ಇದೆ. ಲ್ಯಾಬ್‌ನಲ್ಲಿ ಎನ್-9 ಅದನ್ನೂ ಕೊಂದಿತು. ಗಂಡಸು ಕಾಂಡೋಮ್ ಒಲ್ಲೆ ಎಂದರೂ ಹೆಂಗಸು ತನ್ನನ್ನು ತಾನೇ ಕಾಪಾಡಿಕೊಳ್ಳಬಹುದಲ್ವಾ ಎಂಬ ದೊಡ್ಡ ಆಸೆ ಹುಟ್ಟಿತು.

ಆಗಿದ್ದೇ ಬೇರೆ. ಬೆನಿನ್, ಐವರಿ ಕೋಸ್ಟ್, ದಕ್ಷಿಣ ಆಫ್ರಿಕಾ, ಥಾಯ್ಲೆಂಡ್‌ಗಳಲ್ಲಿ ಲೈಂಗಿಕ ಕಾರ್ಯಕರ್ತೆಯರಿಗೆ ಎನ್-9 ಜೆಲ್ ಕೊಟ್ಟು ನೋಡಿದರು. ಫಲಿತಾಂಶ 2000ದ ಜುಲೈನಲ್ಲಿ ಡರ್ಬನ್ ಏಡ್ಸ್ ಸಮ್ಮೇಳನದಲ್ಲಿ ಹೊರಬಿತ್ತು. ಸಾದಾ ಜೆಲ್ ಬಳಸಿದವರಿಗಿಂತ ಎನ್-9 ಬಳಸಿದವರಲ್ಲೇ ಎಚ್‌ಐವಿ ಜಾಸ್ತಿ! ದಿನಕ್ಕೆ ಮೂರೂವರೆಗಿಂತ ಹೆಚ್ಚು ಸಲ ಬಳಸಿದವರಲ್ಲಿ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟು. ರಕ್ಷಣೆ ಸಿಕ್ಕೀತು ಅಂತ ನಂಬಿ ಬಂದ ಹೆಂಗಸರು ಅವರು. ನೆನೆದರೆ ಸಂಕಟವಾಗುತ್ತದೆ.

ಯಾಕೆ ಹೀಗಾಯಿತು? ವೀರ್ಯಾಣುವಿನ ಪೊರೆ ಯಾವುದು, ನಮ್ಮ ಜೀವಕೋಶದ ಪೊರೆ ಯಾವುದು ಎಂಬ ಭೇದ ಡಿಟರ್ಜೆಂಟ್‌ಗೆ ಇಲ್ಲ. ಪದೇ ಪದೇ ಹಚ್ಚಿದರೆ ಯೋನಿಯ ಒಳಪದರ ಉರಿಯುತ್ತದೆ, ಹುಣ್ಣಾಗುತ್ತದೆ. ಗುದದ ಒಳಪದರವಂತೂ ಒಂದೇ ಒಂದು ಕೋಶದಷ್ಟು ದಪ್ಪ. ಎನ್-9 ತಾಗಿದ ಕೆಲವೇ ನಿಮಿಷಗಳಲ್ಲಿ ಅದು ಹಾಳೆ ಹಾಳೆಯಾಗಿ ಕಳಚಿ ಬರುತ್ತದೆ. ಆಮೇಲೆ ವೈರಸ್‌ಗೆ ಅಡ್ಡಿ ಏನಿದೆ? ಯೋನಿಯನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಹಾಗಾಗಿ ಉರಿಮೂತ್ರದ ತೊಂದರೆಯೂ ಹೆಚ್ಚುತ್ತದೆ. ಗೊನೋರಿಯಾ, ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕುಗಳನ್ನೂ ಇದು ತಡೆಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಹೇಳಿತು: ಸೋಂಕು ತಡೆಯಲು ಎನ್-9 ಬೇಡ, ಗುದ ಸಂಭೋಗಕ್ಕಂತೂ ಬೇಡವೇ ಬೇಡ. ಈ ಎಚ್ಚರಿಕೆಯನ್ನು ಪ್ಯಾಕೆಟ್ ಮೇಲೆ ಹಾಕಲೇಬೇಕು ಎಂಬ ನಿಯಮವನ್ನು ಅಮೆರಿಕ 2007ರಲ್ಲಿ ಹೊರಡಿಸಿತು. ಸಂಗಾತಿಗೆ ಸೋಂಕಿದೆಯೋ ಇಲ್ಲವೋ ಗೊತ್ತಿಲ್ಲದವರು, ದಿನಕ್ಕೆ ಹಲವು ಸಲ ಬಳಸುವವರು ಇದರಿಂದ ದೂರ ಇರಬೇಕು. ಗರ್ಭ ತಡೆಯುವುದರಲ್ಲೂ ಇದೊಂದನ್ನೇ ನೆಚ್ಚಿಕೊಂಡರೆ ಕಷ್ಟ. ವರ್ಷದಲ್ಲಿ 100ರಲ್ಲಿ 20ಕ್ಕೂ ಹೆಚ್ಚು ಹೆಂಗಸರಿಗೆ ಬಸಿರು ನಿಲ್ಲುತ್ತದೆ.

ಜಾರಿಕೆಗೆ ಹಚ್ಚುವ ಲೂಬ್ರಿಕಂಟ್ ಬೇಕಿದ್ದರೆ ಎನ್-9 ಇಲ್ಲದ, ನೀರು ಅಥವಾ ಸಿಲಿಕೋನ್ ಆಧಾರದ ಜೆಲ್ ಕೇಳಿ ತಗೊಳ್ಳಿ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಕೈಯಲ್ಲಿರುವುದು ಎನ್-9 ಹಚ್ಚಿದ ಕಾಂಡೋಮ್ ಮಾತ್ರ ಅಂತಾದರೆ ಅದನ್ನೇ ಹಾಕಿಕೊಳ್ಳಿ. ಕಾಂಡೋಮ್ ಇಲ್ಲದೆ ಕೂಡುವುದಕ್ಕಿಂತ ಅದೇ ಮೇಲು.