ಗೋವೆಯ ಜೊತೆ ಪಟ್ಟಿಯಲ್ಲಿದ್ದವರು

ಕಾರವಾರದ ಬಿಣಗಾ ಕಡೆಯಿಂದ ಕಡಲಿನತ್ತ ನೋಡಿದರೆ ಅಂಜುದೀವ್ ದ್ವೀಪ ಕಣ್ಣಿಗೆ ಬೀಳುತ್ತದೆ. ದಡ ಕರ್ನಾಟಕದ್ದು, ದ್ವೀಪ ಗೋವೆಯದು. ಈಗ ಅದು ಕದಂಬ ನೌಕಾನೆಲೆಗೆ ಸೇರಿರುವುದರಿಂದ ಈ ವ್ಯತ್ಯಾಸವನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. 1961ರವರೆಗೆ ಅಲ್ಲಿ ಹಾರುತ್ತಿದ್ದುದು ಪೋರ್ಚುಗಲ್ಲಿನ ಬಾವುಟ. ಆ ವರ್ಷದ ನವೆಂಬರಿನಲ್ಲಿ ದ್ವೀಪದ ಸೈನಿಕರು ಪಕ್ಕದಲ್ಲೇ ಹಾದುಹೋಗುತ್ತಿದ್ದ ಭಾರತದ ಪ್ರಯಾಣಿಕರ ಹಡಗಿಗೆ ಗುಂಡು ಹಾರಿಸಿದರು. ಡಿಸೆಂಬರಿನಲ್ಲಿ ದ್ವೀಪವನ್ನು ವಶಪಡಿಸಿಕೊಳ್ಳಲು ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ಅಲ್ಲೇ ಪ್ರಾಣ ಬಿಟ್ಟರು.

ಈ ದ್ವೀಪ ಯಾರದು ಎಂಬ ಪ್ರಶ್ನೆಗೆ ಆಗ ಒಂದೇ ಉತ್ತರ ಇರಲಿಲ್ಲ. ಲಿಸ್ಬನ್ ತನ್ನ ಸಂವಿಧಾನವನ್ನು 1951ರಲ್ಲಿ ತಿದ್ದಿ, ವಸಾಹತುಗಳೆಲ್ಲ ಇನ್ನು ಮುಂದೆ ಪೋರ್ಚುಗಲ್ಲಿನ ‘ಸಾಗರದಾಚೆಯ ಪ್ರಾಂತ್ಯಗಳು’ ಎಂದು ಸಾರಿತ್ತು. 1955ರಲ್ಲಿ ಅದು ವಿಶ್ವಸಂಸ್ಥೆಯ ಸದಸ್ಯನಾಯಿತು. ಸ್ವಯಮಾಡಳಿತವಿಲ್ಲದ ಪ್ರದೇಶಗಳನ್ನು ಆಳುವ ದೇಶಗಳು ಅವುಗಳ ಸ್ಥಿತಿಗತಿಯ ವರದಿ ಕೊಡಬೇಕೆಂದು ವಿಶ್ವಸಂಸ್ಥೆಯ ಸನ್ನದು ಹೇಳುತ್ತದೆ. ನಮ್ಮ ಬಳಿ ಅಂಥ ಪ್ರದೇಶಗಳೇ ಇಲ್ಲ, ಇರುವುದೆಲ್ಲ ಪ್ರಾಂತ್ಯಗಳು ಎಂದು ಪೋರ್ಚುಗಲ್ ಕೈಕೊಡವಿತು. ಸಾಮಾನ್ಯ ಸಭೆ ಇದನ್ನು ಒಪ್ಪಲಿಲ್ಲ. 1960ರ ಡಿಸೆಂಬರ್ 15ರಂದು 1542ನೇ ನಿರ್ಣಯ ಅಂಗೀಕರಿಸಿ, ಆ ಪ್ರದೇಶಗಳನ್ನು ಹೆಸರು ಹಿಡಿದು ಪಟ್ಟಿ ಮಾಡಿತು: ಕೇಪ್ ವರ್ಡ್, ಗಿನಿ (ಇಂದಿನ ಗಿನಿ-ಬಿಸೌ), ಸಾವೊ ಟೋಮೆ ಮತ್ತು ಪ್ರಿನ್ಸಿಪೆ, ಅಜೂಡಾ ಎಂಬ ಕೋಟೆ, ಅಂಗೋಲಾ, ಮೊಜಾಂಬಿಕ್, ಗೋವೆ ಮತ್ತು ಅದಕ್ಕೆ ಸೇರಿದ ಪ್ರದೇಶಗಳು, ಮಕಾವ್, ಟಿಮೋರ್.

ಅಂದರೆ ಮಾಜಾಳಿಯ ಗಡಿ ದಾಟಿದರೆ ಸಿಗುತ್ತಿದ್ದ ಊರುಗಳೂ ಬಿಣಗಾದೆದುರಿನ ಈ ದ್ವೀಪವೂ ಕಾಗದದ ಮೇಲೆ ಮೊಜಾಂಬಿಕ್ಕಿನ ಸಾಲಿನಲ್ಲೇ ನಿಂತಿದ್ದವು. ಆಳುವವನು ಒಬ್ಬನೇ, ಹಣೆಪಟ್ಟಿ ಒಂದೇ. ದೇಶಗಳ ರಾಜಕೀಯ ಸ್ಥಾನಮಾನಕ್ಕೂ ಆರ್ಥಿಕ ಸ್ಥಾನಮಾನಕ್ಕೂ ಏನು ಸಂಬಂಧ ಎಂದು ತಿಳಿಯಬೇಕೆನ್ನುವವರಿಗೆ ಈ ಒಂಬತ್ತು ಹೆಸರುಗಳಿಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ರಾಜಕೀಯದ ಭಾಗ ಬೇಗ ಮುಗಿಯಿತು. ಅಜೂಡಾ ಕೋಟೆಯಲ್ಲಿದ್ದದ್ದು ಬೆರಳೆಣಿಕೆಯ ಜನ. 1961ರಲ್ಲಿ ಸುತ್ತಲಿನ ದಹೋಮಿ, ಅಂದರೆ ಇಂದಿನ ಬೆನಿನ್, ಜಾಗ ಖಾಲಿ ಮಾಡಲು ಗಡುವು ಕೊಟ್ಟಾಗ ಅವರು ಕೋಟೆಗೆ ಬೆಂಕಿಯಿಟ್ಟು ಹೊರಟರು. ಅದೇ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿತು. ಕದನ ವಿರಾಮಕ್ಕೆ ಒತ್ತಾಯಿಸುವ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಸೋವಿಯತ್ ಒಕ್ಕೂಟ ವೀಟೊ ಚಲಾಯಿಸಿತು. ಗೋವೆಯ ಮೇಲೆ ಭಾರತದ ಸಾರ್ವಭೌಮತ್ವವನ್ನು ಪೋರ್ಚುಗಲ್ ಒಪ್ಪಿ ಒಪ್ಪಂದಕ್ಕೆ ಸಹಿ ಹಾಕಿದ್ದು 1974ರ ಡಿಸೆಂಬರ್ 31ರಂದು. ಹದಿಮೂರು ವರ್ಷ ಗೋವೆಯ ಮಕ್ಕಳು ಭಾರತದ ಶಾಲೆಗಳಲ್ಲಿ ಓದುತ್ತಿದ್ದಾಗಲೂ ಲಿಸ್ಬನ್ನಿನ ದಫ್ತರದಲ್ಲಿ ಅದು ಪೋರ್ಚುಗಲ್ಲಿನ ಪ್ರಾಂತ್ಯವಾಗಿಯೇ ಇತ್ತು! 1974ರ ಏಪ್ರಿಲಿನಲ್ಲಿ ಲಿಸ್ಬನ್ನಿನ ಸರ್ವಾಧಿಕಾರ ಕುಸಿದ ಮೇಲೆ, ಮುಂದಿನ ವರ್ಷ ಮುಗಿಯುವುದರೊಳಗೆ ಆಫ್ರಿಕದ ಐದೂ ಪ್ರದೇಶಗಳು ಸ್ವತಂತ್ರವಾದವು. ಟಿಮೋರ್ ಮಾತ್ರ ಇಂಡೊನೇಷ್ಯಾದ ಆಕ್ರಮಣಕ್ಕೆ ಸಿಕ್ಕಿ, ಅಪಾರ ಸಾವುನೋವು ಉಂಡು, 2002ರ ಮೇ 20ರಂದು ದೇಶವಾಯಿತು. ಮಕಾವ್ 1999ರಲ್ಲಿ ಚೀನಾಕ್ಕೆ ಮರಳಿತು.

ಆರ್ಥಿಕ ಸ್ಥಾನಮಾನ ಹೀಗೆ ಒಂದು ಮಧ್ಯರಾತ್ರಿ ಬಾವುಟ ಬದಲಾದಂತೆ ಬದಲಾಗುವುದಿಲ್ಲ. ಅದನ್ನು ಅಳೆಯುವ ಕೋಲುಗಳೂ ಬೇರೆ ಬೇರೆ. ವಿಶ್ವಬ್ಯಾಂಕ್ ನೋಡುವುದು ತಲಾ ರಾಷ್ಟ್ರೀಯ ಆದಾಯ ಒಂದನ್ನೇ. 2024ರ ಆದಾಯವನ್ನು ಆಧರಿಸಿದ ವಿಂಗಡಣೆಯಲ್ಲಿ ತಲಾ 1,135 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಡಿಮೆ ಆದಾಯದ ದೇಶ, 4,495 ಡಾಲರ್‌ವರೆಗೆ ಕೆಳ ಮಧ್ಯಮ, 13,935ರವರೆಗೆ ಮೇಲ್ಮಧ್ಯಮ, ಅದರಾಚೆಗೆ ಶ್ರೀಮಂತ. ಭಾರತ ಎರಡೂವರೆ ಸಾವಿರಕ್ಕಿಂತ ತುಸು ಮೇಲಿದ್ದು ಕೆಳ ಮಧ್ಯಮ ಗುಂಪಿನಲ್ಲಿದೆ. ವಿಶ್ವಸಂಸ್ಥೆ 1971ರಿಂದ ಇನ್ನೊಂದು ಪಟ್ಟಿ ಇಟ್ಟುಕೊಂಡಿದೆ, ಅತಿ ಹಿಂದುಳಿದ ದೇಶಗಳದ್ದು. ಅಲ್ಲಿ ಆದಾಯದ ಜೊತೆಗೆ ಶಿಶುಮರಣ, ಶಿಕ್ಷಣದಂಥ ಮಾನವ ಸಂಪತ್ತಿನ ಲೆಕ್ಕವೂ, ಒಂದು ಬರಕ್ಕೆ ಅಥವಾ ಬೆಲೆ ಕುಸಿತಕ್ಕೆ ದೇಶ ಎಷ್ಟು ತತ್ತರಿಸುತ್ತದೆ ಎಂಬ ಲೆಕ್ಕವೂ ಸೇರುತ್ತವೆ. ಮೂರರಲ್ಲಿ ಎರಡನ್ನು ಗೆದ್ದರೆ ಪಟ್ಟಿಯಿಂದ ಹೊರಬರಬಹುದು. ಆದಾಯವೊಂದೇ ನಿಗದಿತ ಮಟ್ಟದ ಮೂರು ಪಟ್ಟು ಮೀರಿದರೂ ಸಾಕು, ಮೊದಲು ಎರಡು ಪಟ್ಟು ಮೀರಿದರೆ ಸಾಕಿತ್ತು.

ಅಂಗೋಲಾ ಸಿಕ್ಕಿಬಿದ್ದದ್ದು ಈ ಕೊನೆಯ ನಿಯಮದಲ್ಲಿ. ತೈಲದ ಹಣದಿಂದ ಅದರ ತಲಾ ಆದಾಯ ಆಗಿದ್ದ ಎರಡು ಪಟ್ಟಿನ ಗೆರೆಯನ್ನು ದಾಟಿತು, ಪಟ್ಟಿಯಿಂದ ಹೊರಬರುವ ದಿನವೂ ಗೊತ್ತಾಯಿತು. ಆದರೆ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದ ದೇಶದ ಶಾಲೆ, ಆಸ್ಪತ್ರೆಗಳು ಆ ಆದಾಯದ ಹತ್ತಿರಕ್ಕೂ ಬಂದಿರಲಿಲ್ಲ. ಅಷ್ಟರಲ್ಲಿ ತೈಲದ ಬೆಲೆ ಬಿತ್ತು, ದಿನವನ್ನು ಮುಂದೂಡಬೇಕಾಯಿತು. ಸರಾಸರಿ ಆದಾಯದ ಬಗ್ಗೆ ನನಗಿರುವ ಅಪನಂಬಿಕೆಗೆ ಅಂಗೋಲಾ ಒಂದೇ ಸಾಕು.

ಕೇಪ್ ವರ್ಡ್ ಕಥೆ ಬೇರೆ. ಅಟ್ಲಾಂಟಿಕ್‌ನಲ್ಲಿ ಹತ್ತು ದ್ವೀಪಗಳು, ಜನಸಂಖ್ಯೆ ಸುಮಾರು ಐದು ಲಕ್ಷ, ತೈಲವೂ ಇಲ್ಲ, ಚಿನ್ನವೂ ಇಲ್ಲ. ಕುಮಟಾ, ಹೊನ್ನಾವರಗಳಲ್ಲಿ ಜೂನ್, ಜುಲೈ ಎರಡೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಹಲವು ವರ್ಷ ಕೂಡಿಸಿದರೂ ಬೀಳದು. 1940ರ ದಶಕದ ಬರಗಳಲ್ಲಿ ಹತ್ತಾರು ಸಾವಿರ ಜನ ಹಸಿವಿನಿಂದ ಸತ್ತರು. ಸ್ವಾತಂತ್ರ್ಯ ಸಿಕ್ಕಾಗ ಈ ದೇಶ ಬದುಕೀತು ಎನ್ನಲು ಕಾರಣವೇ ಇರಲಿಲ್ಲ. ಆದರೂ 1991ರ ಚುನಾವಣೆಯಲ್ಲಿ ಸೋತ ಆಡಳಿತ ಪಕ್ಷ ರಕ್ತ ಹರಿಸದೆ ಕೆಳಗಿಳಿಯಿತು. 2007ರಲ್ಲಿ ದೇಶ ಅತಿ ಹಿಂದುಳಿದವರ ಪಟ್ಟಿಯಿಂದ ಹೊರಬಂದಿತು, ಅದೂ ಆದಾಯ ಮತ್ತು ಮಾನವ ಸಂಪತ್ತು ಎರಡರ ಬಲದಿಂದ. 2025ರಲ್ಲಿ ವಿಶ್ವಬ್ಯಾಂಕ್ ಅದನ್ನು ಮೇಲ್ಮಧ್ಯಮ ಆದಾಯದ ಗುಂಪಿಗೆ ಏರಿಸಿತು. ಒಂದು ಕಾಲದಲ್ಲಿ ಗೋವೆಯ ಪಕ್ಕ ಹೆಸರಿದ್ದ ಈ ಪುಟ್ಟ ದೇಶ ಆ ವಿಂಗಡಣೆಯಲ್ಲಿ ಈಗ ಭಾರತಕ್ಕಿಂತ ಒಂದು ಮೆಟ್ಟಿಲು ಮೇಲೆ. ಸಾವೊ ಟೋಮೆ 2024ರ ಡಿಸೆಂಬರಿನಲ್ಲಿ ಹಿಂದುಳಿದವರ ಪಟ್ಟಿ ಬಿಟ್ಟಿತು. ಗಿನಿ-ಬಿಸೌ, ಮೊಜಾಂಬಿಕ್, ಟಿಮೋರ್ ಇನ್ನೂ ಅದರಲ್ಲೇ ಇವೆ. ಜೂಜುಕಟ್ಟೆಗಳ ಮಕಾವ್ ಶ್ರೀಮಂತರ ಸಾಲಿನಲ್ಲಿದೆ, ಆದರೆ ಅದು ದೇಶವೇ ಅಲ್ಲ.

ಕೇಪ್ ವರ್ಡ್ ಕೈಹಿಡಿದದ್ದರಲ್ಲಿ ಮುಖ್ಯವಾದವು ಪ್ರವಾಸೋದ್ಯಮ ಮತ್ತು ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ. ಎರಡನೆಯದನ್ನು ನಮ್ಮ ಕರಾವಳಿಗೆ, ಅದರಲ್ಲೂ ಭಟ್ಕಳಕ್ಕೆ, ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆ ಹಣ ಲೆಕ್ಕಕ್ಕೆ ಸೇರುವ ಬಗೆಯನ್ನು ನೋಡಬೇಕು. ದುಬೈಯಲ್ಲಿ ವರ್ಷಗಟ್ಟಲೆ ನೆಲೆಸಿ ದುಡಿಯುವ ಭಟ್ಕಳದ ಮಗನನ್ನು ಅರ್ಥಶಾಸ್ತ್ರದ ಲೆಕ್ಕ ಅಲ್ಲಿನ ನಿವಾಸಿಯೆಂದೇ ಎಣಿಸುತ್ತದೆ. ಅವನ ಸಂಬಳ ಆ ದೇಶದ ಉತ್ಪನ್ನ, ಆ ದೇಶದ ಆದಾಯ. ಅವನು ಅಮ್ಮನಿಗೆ ಕಳಿಸುವ ದುಡ್ಡು ಬರೀ ‘ವರ್ಗಾವಣೆ’. ಅದು ಭಾರತದ ಜಿಡಿಪಿಗೂ ಸೇರದು, ವಿಶ್ವಬ್ಯಾಂಕ್ ಅಳೆಯುವ ರಾಷ್ಟ್ರೀಯ ಆದಾಯಕ್ಕೂ ಸೇರದು. ಅಮ್ಮ ಆ ದುಡ್ಡಿನಲ್ಲಿ ಮನೆಗೆ ಚಿರೇಕಲ್ಲಿನ ಗೋಡೆ ಎಬ್ಬಿಸಿದಾಗ ಕಲ್ಲು ಕಡಿದವನ, ಕಟ್ಟಿದವನ ಕೂಲಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಜಗತ್ತಿನಲ್ಲಿ ಇಂಥ ಹಣ ಅತಿ ಹೆಚ್ಚು ಬರುವ ದೇಶ ಭಾರತ. ಹೀಗೆ ಬಂದ ಹಣವನ್ನೂ ಕೂಡಿಸಿ ಹೇಳುವ ಅಳತೆ ಇದೆ, ರಾಷ್ಟ್ರೀಯ ವಿನಿಯೋಗಾರ್ಹ ಆದಾಯ ಎನ್ನುತ್ತಾರೆ. ದೇಶಗಳನ್ನು ಬಡವ, ಬಲ್ಲಿದ ಎಂದು ವಿಂಗಡಿಸುವಾಗ ವಿಶ್ವಬ್ಯಾಂಕ್ ಅದನ್ನು ಬಳಸುವುದಿಲ್ಲ.