ಐದು ನಿಮಿಷ ಅಲುಗಾಡದ ನೊಣ

ಮೇ ತಿಂಗಳಲ್ಲಿ ಕಾಸರಗೋಡಿನ ಯಾವ ಅಂಗಳದಲ್ಲಾದರೂ ಹಲಸಿನ ರಚ್ಚೆಗೆ ಮುತ್ತುವ ಕೆಂಗಣ್ಣಿನ ಪುಟ್ಟ ನೊಣಗಳನ್ನು ನೋಡಬಹುದು. ವಂಶವಾಹಿಗಳ ಅಭ್ಯಾಸಕ್ಕೆ ಪ್ರಯೋಗಾಲಯಗಳಲ್ಲಿ ಸಾಕುವ ಡ್ರೊಸೊಫಿಲಾ ಆ ಬಳಗದ್ದೇ. (ಮಾವಿನೊಳಗೆ ಹುಳ ಬಿಡುವ ಹಣ್ಣುನೊಣ ಬೇರೆ ಕುಟುಂಬದ್ದು.) ಡ್ರೊಸೊಫಿಲಾ ಕೂಡ ನಿದ್ದೆ ಮಾಡುತ್ತದೆಂದು 2000ದಲ್ಲಿ ಎರಡು ತಂಡಗಳು ತೋರಿಸಿಕೊಟ್ಟವು. ರಾತ್ರಿ ನಿದ್ದೆಗೆಡಿಸಿದರೆ ಮರುದಿನ ಹೆಚ್ಚು ಮಲಗುತ್ತದೆ. ಕೆಫೀನ್ ಕೊಟ್ಟರೆ ಎಚ್ಚರವಿರುತ್ತದೆ.

ಅಳೆಯುವುದು ಹೀಗೆ: 65 ಮಿ.ಮೀ. ಉದ್ದ, 5 ಮಿ.ಮೀ. ವ್ಯಾಸದ ಗಾಜಿನ ಕೊಳವೆಗೆ ಒಂದೇ ನೊಣ. ಒಂದು ತುದಿಯಲ್ಲಿ 5% ಸಕ್ಕರೆ, 2% ಅಗರ್ ಸೇರಿಸಿದ ಆಹಾರ, ಇನ್ನೊಂದರಲ್ಲಿ ಹತ್ತಿ. ನಡುವೆ ಹಾಯುವ ಅವಗೆಂಪು ಕಿರಣವನ್ನು ನೊಣ ಐದು ನಿಮಿಷ ದಾಟದಿದ್ದರೆ ನಿದ್ದೆ ಎಂದು ಲೆಕ್ಕ. ಮೋಸ ಇಲ್ಲೇ ಇದೆ. ಆಹಾರದ ತುದಿಯಲ್ಲಿ ಕಾಲು ಉಜ್ಜುತ್ತಾ ಕೂತ ನೊಣವೂ ಯಂತ್ರಕ್ಕೆ ನಿದ್ದೆಯಲ್ಲೇ ಇದೆ. ಕೂಡಿದ ಹೆಣ್ಣನ್ನು ಹಾಕಿದರೆ ಕೆಲವೇ ದಿನಗಳಲ್ಲಿ ಮರಿಹುಳಗಳು ಆಹಾರವನ್ನು ಕಲಸಿ, ತಾವೇ ಕಿರಣ ದಾಟತೊಡಗುತ್ತವೆ. ನೊಣಗಳನ್ನು ಪ್ರಜ್ಞೆ ತಪ್ಪಿಸಿ ಕೊಳವೆಗೆ ಹಾಕಿದ ಮೊದಲ ದಿನದ ಅಂಕಿಗಳನ್ನು ಬಿಟ್ಟುಬಿಡಿ.

ಸಾಮಾನ್ಯ ನೊಣ ದಿನಕ್ಕೆ 9ರಿಂದ 15 ಗಂಟೆ ಮಲಗಿದರೆ, 2005ರಲ್ಲಿ ವರದಿಯಾದ ‘ಮಿನಿಸ್ಲೀಪ್’ ತಳಿಗೆ ಅದರ ಸುಮಾರು ಮೂರನೇ ಒಂದು ಭಾಗ ಸಾಕು. ಕೆಟ್ಟದ್ದು ‘ಶೇಕರ್’ ಎಂಬ ವಂಶವಾಹಿಯ ಒಂದೇ ಒಂದು ಅಕ್ಷರ. ನರಕೋಶದಿಂದ ಪೊಟ್ಯಾಸಿಯಂ ಹೊರಬಿಡುವ ಬಾಗಿಲಿನಂಥ ಪ್ರೋಟೀನಿನ ನೀಲನಕ್ಷೆ ಅದು. ಈ ಬಾಗಿಲು ಮಿಡಿದ ಕೋಶವನ್ನು ಬೇಗ ಶಾಂತಗೊಳಿಸಿ ಮುಂದಿನ ಮಿಡಿತಕ್ಕೆ ಅಣಿಮಾಡುತ್ತದೆ. ‘ಸ್ಲೀಪ್‌ಲೆಸ್’ ಎಂಬ ಇನ್ನೊಂದು ಪ್ರೋಟೀನ್ ಈ ಬಾಗಿಲಿಗೆ ಒತ್ತಾಸೆ. ಅದಿಲ್ಲದ ನೊಣದ ನಿದ್ದೆ 80%ಕ್ಕಿಂತಲೂ ಹೆಚ್ಚು ಕಡಿಮೆಯಾಗುತ್ತದೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಎಚ್ಚರಿಸುವುದು. ಬಿಡುಗಡೆಯಾದ ಡೋಪಮಿನನ್ನು ಮರಳಿ ಹೀರುವ ಪ್ರೋಟೀನ್ ಕೆಟ್ಟ ‘ಫುಮಿನ್’ ತಳಿಯೂ ಅಲ್ಪನಿದ್ರೆಯದು.

ಆದರೆ ಮಿನಿಸ್ಲೀಪ್, ಫುಮಿನ್ ಎರಡೂ ಒಂದೇ ಬಗೆಯವಲ್ಲ. ಒಟ್ಟು ದಾಟುವಿಕೆಯನ್ನು ಎಚ್ಚರದ ನಿಮಿಷಗಳಿಂದ ಭಾಗಿಸಿ ನೋಡಿ: ಮಿನಿಸ್ಲೀಪ್ ನೊಣದ ಓಡಾಟ ಸಾಮಾನ್ಯ, ಫುಮಿನ್‌ನದು ವಿಪರೀತ. ಈ ಒಂದು ಭಾಗಾಕಾರ ಮಾಡದೆ ‘ನಿದ್ದೆಯ ಜೀನ್ ಸಿಕ್ಕಿತು’ ಎನ್ನುವುದು ತಪ್ಪು. ಹಳೆಯ ಶೇಕರ್ ತಳಿಗಳು ಮಾಮೂಲಿನಂತೆ ಮಲಗಿದ್ದೂ ಉಂಟು. ತಲೆಮಾರುಗಳಲ್ಲಿ ಸೇರಿಕೊಂಡ ಬೇರೆ ವಂಶವಾಹಿಗಳು ಕೊರತೆಯನ್ನು ಮುಚ್ಚಿಬಿಟ್ಟಿದ್ದವು. ಹೋಲಿಕೆಗೆ ಮೊದಲು ಐದಾರು ತಲೆಮಾರು ಸಾಮಾನ್ಯ ತಳಿಯೊಂದಿಗೆ ಕೂಡಿಸುವುದು ಅದಕ್ಕೇ.

ನಮ್ಮ ಕರಾವಳಿಯ ಕಾಲೇಜುಗಳಲ್ಲಿ ಈ ಪ್ರಯೋಗಕ್ಕೆ ಸೆಕೆಯೇ ದೊಡ್ಡ ತೊಡಕು. 25 ಡಿಗ್ರಿಯ ಪೆಟ್ಟಿಗೆಯಲ್ಲಿ ಕರೆಂಟು ಹೋಗಿ 30 ಆದರೆ, ನೊಣದ ಹಗಲು ನಿದ್ದೆ ಉದ್ದವಾಗುತ್ತದೆ, ರಾತ್ರಿಯದು ಕುಗ್ಗುತ್ತದೆ. ದೇಹದ ಗಡಿಯಾರ ನಡೆಸುವ ‘ಪೀರಿಯಡ್’ ವಂಶವಾಹಿಯ ಆರ್‌ಎನ್‌ಎ ನಕಲನ್ನು ಕತ್ತರಿಸಿ ಜೋಡಿಸುವ ಕ್ರಮವೇ ಬಿಸಿಗೆ ಬದಲಾಗುವುದು ಇದಕ್ಕೊಂದು ಕಾರಣ. ಹಾಗಾಗಿ ಸಾಮಾನ್ಯ ನೊಣಗಳನ್ನು ಅದೇ ಪೆಟ್ಟಿಗೆಯಲ್ಲಿ, ಅದೇ ಹೊತ್ತಿಗೆ ಇಡಿ. ಗಂಟೆಗೊಮ್ಮೆ ಉಷ್ಣತೆ ಬರೆದಿಡಿ. ಕರೆಂಟು ಹೋದ ದಿನ ಕಂಡ ಉದ್ದನೆಯ ಹಗಲುನಿದ್ದೆಯನ್ನು ಜೀನಿನ ಲೆಕ್ಕಕ್ಕೆ ಬರೆಯಬೇಡಿ.