ಸ್ಟ್ರೆಚಿಂಗ್ ವರ್ಕ್‌ಶಾಪ್‌ಗೆ ದುಡ್ಡು ಕಟ್ಟುವ ಮೊದಲು

ಮಸಾಜ್ ಕಲಿತು ನಾಲ್ಕೈದು ವರ್ಷ ಕೆಲಸ ಮಾಡಿದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಮಯೋಫೇಶಿಯಲ್ ಮಾಡ್ಲಾ, ಪಿಎನ್‌ಎಫ್ ಮಾಡ್ಲಾ, ಅಸಿಸ್ಟೆಡ್ ಸ್ಟ್ರೆಚಿಂಗ್ ಮಾಡ್ಲಾ?" ಮಯೋಫೇಶಿಯಲ್ ಅಂದ್ರೆ ಸ್ನಾಯುವನ್ನು ಹೊದ್ದಿರುವ ಫೇಶಿಯಾ ಎಂಬ ಪೊರೆಯ ಮೇಲೆ ಮಾಡುವ ಕೆಲಸ, ಪಿಎನ್‌ಎಫ್ ಅಂದ್ರೆ ಕ್ಲೈಂಟ್ ತಳ್ಳಿ ಸಡಿಲ ಬಿಟ್ಟಾಗ ಎಳೆಯುವ ಪದ್ಧತಿ, ಅಸಿಸ್ಟೆಡ್ ಅಂದ್ರೆ ಇನ್ನೊಬ್ಬರು ಹಿಡಿದು ಮಾಡಿಸುವ ಸ್ಟ್ರೆಚ್. ಎಣ್ಣೆ ಹಚ್ಚಿ ನೀವೋದು ಚೆನ್ನಾಗಿ ಬರುತ್ತೆ. ಆದರೆ ಈಗ ಬರುವವರು ಸುಮ್ನೆ ಮೈ ಹಗುರ ಮಾಡಿಸ್ಕೊಳ್ಳೋಕೆ ಬರುವುದಿಲ್ಲ. ಮ್ಯಾರಥಾನ್ ಓಡುವವರು, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು, ಹೊಸದಾಗಿ ಜಿಮ್ ಸೇರಿದವರು ಬರ್ತಾರೆ. "ಇಲ್ಲಿ ಹಿಡ್ಕೊಂಡಿದೆ, ಬಿಡಿಸಿ" ಅಂತಾರೆ. ಹೊಸದೇನಾದರೂ ಕಲೀಬೇಕು ಅನ್ನಿಸುವುದು ಸಹಜ.

ನಾನು ಹೇಳುವ ಉತ್ತರ ಎಲ್ಲರಿಗೂ ಹಿಡಿಸುವುದಿಲ್ಲ. ಕೋರ್ಸ್‌ಗೆ ಏನು ಹೆಸರಿಟ್ಟಿದ್ದಾರೆ ಅನ್ನೋದನ್ನ ಆಮೇಲೆ ನೋಡಿ. ಅಲ್ಲಿ ನಿಮ್ಮ ಕೈಯನ್ನು ಯಾರು ತಿದ್ದುತ್ತಾರೆ, ಎಷ್ಟು ಹೊತ್ತು ತಿದ್ದುತ್ತಾರೆ ಅಂತ ಮೊದಲು ವಿಚಾರಿಸಿ.

ಯಾಕೆ ಅಂದ್ರೆ, ಹೆಸರುಗಳು ಇರುವಷ್ಟು ತಂತ್ರಗಳಿಲ್ಲ. ಪಿಎನ್‌ಎಫ್ 1940ರ ದಶಕದ ಅಮೆರಿಕದ್ದು. ಹರ್ಮನ್ ಕಬಾಟ್ ಎಂಬ ವೈದ್ಯರು ಮತ್ತು ಮಾರ್ಗರೆಟ್ ನಾಟ್ ಎಂಬ ಫಿಸಿಯೋಥೆರಪಿಸ್ಟ್ ಅದನ್ನು ರೂಪಿಸಿದ್ದು ಪೋಲಿಯೊದಂಥ ಕಾಯಿಲೆಯಿಂದ ಕೈಕಾಲಿನ ಬಲ ಕಳೆದುಕೊಂಡವರಿಗಾಗಿ. ಓಟಗಾರರ ಸ್ಟ್ರೆಚಿಂಗ್‌ಗೆ ಅದು ಬಂದದ್ದು ಆಮೇಲೆ. ಮಸಲ್ ಎನರ್ಜಿ ಟೆಕ್ನಿಕ್ ಅಮೆರಿಕದ ಆಸ್ಟಿಯೋಪತಿ (ಮೂಳೆ, ಸ್ನಾಯುಗಳನ್ನು ಕೈಯಿಂದಲೂ ಸರಿಪಡಿಸುವ ಪದ್ಧತಿ) ವೈದ್ಯ ಫ್ರೆಡ್ ಮಿಚೆಲ್ ಅವರ ಕೊಡುಗೆ. ಅದೇ ದಾರಿಯಲ್ಲಿ ಪ್ರಾಗ್‌ನ ಕರೆಲ್ ಲೆವಿಟ್ ತೀರಾ ಹಗುರವಾದ ಬಲದಲ್ಲಿ ಮಾಡುವ ಪದ್ಧತಿಯನ್ನು ಬೆಳೆಸಿದರು. ಮೂರರಲ್ಲೂ ಕೈ ಮಾಡುವ ಕೆಲಸದ ತಿರುಳು ಒಂದೇ: ಕ್ಲೈಂಟ್ ತಳ್ಳಬೇಕು, ನೀವು ತಡೆಯಬೇಕು, ಅವರು ಸಡಿಲ ಬಿಟ್ಟಾಗ ಸ್ವಲ್ಪ ಮುಂದೆ ಹೋಗಬೇಕು. ವ್ಯತ್ಯಾಸ ಇರೋದು ಎಷ್ಟು ಬಲ, ಎಷ್ಟು ಸೆಕೆಂಡು, ಯಾವ ದಿಕ್ಕು ಅನ್ನೋದರಲ್ಲಿ. ಆರನ್ ಮ್ಯಾಟ್ಸ್ ಅವರ ಆಕ್ಟಿವ್ ಐಸೊಲೇಟೆಡ್ ಸ್ಟ್ರೆಚಿಂಗ್ ಮಾತ್ರ ಬೇರೆ ಜಾತಿ. ಅಲ್ಲಿ ಕ್ಲೈಂಟ್ ತಾನೇ ಕಾಲೆತ್ತುತ್ತಾರೆ, ನೀವು ಕೊನೆಯಲ್ಲಿ ಮೆಲ್ಲಗೆ ಕೈಗೂಡಿಸಿ ಎರಡು ಸೆಕೆಂಡಷ್ಟೇ ಹಿಡಿದು ಬಿಡ್ತೀರಿ, ಮತ್ತೆ ಮಾಡ್ತೀರಿ. ಇಷ್ಟು ಗೊತ್ತಿದ್ದರೆ, ಬ್ರೋಷರ್‌ನಲ್ಲಿ ಹೊಳೆಯುವ ಹೊಸ ಹೆಸರು ಕಂಡಾಗ ಇದು ಯಾವ ಮನೆಯ ಕೂಸು ಅಂತ ನೀವೇ ಗುರುತು ಹಿಡಿಯಬಹುದು.

ಈಗ ಕೈ ತಿದ್ದುವುದು ಅಂದ್ರೆ ಏನು ನೋಡಿ. ತೊಡೆಯ ಹಿಂಭಾಗದ ಸ್ಟ್ರೆಚ್ ತಗೊಳ್ಳಿ, ಎಲ್ಲರೂ ಬರುತ್ತೆ ಅಂದುಕೊಂಡಿರುವ ಸ್ಟ್ರೆಚ್ ಅದು. ಕ್ಲೈಂಟ್ ಅಂಗಾತ ಮಲಗಿದ್ದಾರೆ. ಕಲಿಯುವ ಹುಡುಗ ಅವರ ಬಲಗಾಲನ್ನು ನೇರವಾಗಿ ಎತ್ತಿ ಹೆಗಲ ಮೇಲೆ ಇಟ್ಟುಕೊಂಡು ತಳ್ಳುತ್ತಾನೆ. ಕಾಲು ಎಂಬತ್ತು ಡಿಗ್ರಿ ಬಂತು ಅಂತ ಅವನಿಗೆ ಖುಷಿ. ನಾನು ಅವನ ಒಂದು ಕೈ ತೆಗೆದು ಕ್ಲೈಂಟ್‌ನ ಎಡತೊಡೆಯ ಮೇಲೆ ಇಡಿಸ್ತೀನಿ. ಆ ತೊಡೆ ಟೇಬಲ್ ಬಿಟ್ಟು ಮೇಲೆ ಬಂದಿದೆ. ಸೊಂಟವೇ ಹಿಂದಕ್ಕೆ ಮಗುಚಿಕೊಂಡು ಕಾಲಿಗೆ ದಾರಿ ಬಿಟ್ಟಿದೆ, ಸ್ನಾಯುವಿಗೆ ಏನೂ ಆಗಿಲ್ಲ. ಎಡತೊಡೆಯನ್ನು ಕೈಯಿಂದಲೋ ಬೆಲ್ಟ್‌ನಿಂದಲೋ ಹಿಡಿದು ಮತ್ತೆ ಎತ್ತಿಸಿದರೆ ಕಾಲು ಅರವತ್ತಕ್ಕೇ ನಿಲ್ಲುತ್ತೆ.

ಅಲ್ಲಿ ತಡೆ ಸಿಗುತ್ತಲ್ಲ, ಆ ಮೊದಲ ಬಿಗಿ, ಅಲ್ಲಿಂದ ಒಂದಿಷ್ಟು ಕೆಳಗಿಳಿಸಿ ನಿಲ್ಲಬೇಕು. "ಸರ್, ಹಿಮ್ಮಡಿಯಿಂದ ನನ್ನ ಹೆಗಲನ್ನ ಮೆಲ್ಲಗೆ ಕೆಳಕ್ಕೆ ಒತ್ತಿ, ನಿಮ್ಮ ಶಕ್ತಿಯ ಐದರಲ್ಲಿ ಒಂದು ಭಾಗ ಸಾಕು" ಅಂತ ಹೇಳಬೇಕು. ಐದರಿಂದ ಹತ್ತು ಸೆಕೆಂಡು. ನಮ್ಮ ಗಂಡಸರಿಗೆ ಒತ್ತಿ ಅಂದ್ರೆ ಸಾಕು, ಕುಸ್ತಿಗೇ ನಿಂತುಬಿಡ್ತಾರೆ. ಬೇಡ. ಆಮೇಲೆ ಉಸಿರು ಬಿಡಿಸಿ, ಸಡಿಲ ಬಿಟ್ಟದ್ದು ನಿಮ್ಮ ಹೆಗಲಿಗೆ ಭಾರವಾಗಿ ಗೊತ್ತಾಗುವವರೆಗೂ ಕಾದು, ಆಗ ಮಾತ್ರ ಮುಂದಿನ ತಡೆಯವರೆಗೆ ಹೋಗಬೇಕು. ಮೂರು ಸಲ ಸಾಕು. ಈ "ಕಾಯುವುದು" ವಿಡಿಯೋ ನೋಡಿ ಬರೋದಿಲ್ಲ. ನನಗೆ ಗೊತ್ತಿರುವ ಮಟ್ಟಿಗೆ ಪಕ್ಕದಲ್ಲಿ ಒಬ್ಬರು ನಿಂತು "ಇನ್ನೂ ಬಿಟ್ಟಿಲ್ಲ, ತಡಿ" ಅಂತ ಹೇಳದೆ ಯಾರಿಗೂ ಬಂದಿಲ್ಲ.

ಮುಂದೆ ಹೋಗುವ ಮೊದಲು ಇನ್ನೊಂದು ಕೆಲಸ ಇದೆ. ಬಿಗಿ ಸಿಕ್ಕ ಜಾಗದಲ್ಲಿ ಕಾಲನ್ನು ಹಾಗೇ ಇಟ್ಟು ಪಾದವನ್ನು ಮಾತ್ರ ಕ್ಲೈಂಟ್‌ನ ಮುಖದ ಕಡೆಗೆ ಮಡಿಸಿ ನೋಡಿ. ಸೊಂಟದಿಂದಲೋ ತೊಡೆಯಿಂದಲೋ ಚುರ್ ಅಂತ ಒಂದು ಎಳೆತ ಜಾಸ್ತಿಯಾದರೆ, ಜೋಮು ಹಿಡಿದಂತಾದರೆ, ಅಲ್ಲಿ ಎಳೆದು ನಿಂತಿರುವುದು ನರ ಇರಬಹುದು. ಅದನ್ನು ಸ್ನಾಯು ಅಂದುಕೊಂಡು ಎಳೆಯುತ್ತಾ ಹೋದರೆ ಮರುದಿನ ಅವರು ಕುಂಟುತ್ತಾ ಬರ್ತಾರೆ. ಅಂಥವರನ್ನು ಫಿಸಿಯೋ ಹತ್ತಿರ ಕಳಿಸಿ. ಕಳಿಸಿದರೆ ಕ್ಲೈಂಟ್ ಕೈಬಿಟ್ಟು ಹೋಗ್ತಾರೆ ಅನ್ನೋ ಭಯ ಸುಳ್ಳು, ವಾಪಸ್ ಬರ್ತಾರೆ, ಇನ್ನಿಬ್ಬರನ್ನು ಕರ್ಕೊಂಡೇ ಬರ್ತಾರೆ.

"ಗಂಟು ಒಡೀತೀವಿ, ಫೇಶಿಯಾ ಕರಗಿಸ್ತೀವಿ" ಅನ್ನೋ ಮಾತು ಕೇಳಿದರೆ ನನಗೆ ಸ್ವಲ್ಪ ಸಿಟ್ಟು ಬರುತ್ತೆ. ತೊಡೆಯ ಹೊರಬದಿಯ ಗಟ್ಟಿ ಫೇಶಿಯಾ, ಅಂಗಾಲಿನ ಫೇಶಿಯಾ ಇವನ್ನು ಒಂದಿಷ್ಟಾದರೂ ರೂಪ ಬದಲಿಸಬೇಕಾದರೆ ಮನುಷ್ಯರ ಕೈ ಕೊಡಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ಬಲ ಬೇಕು ಅಂತ 2008ರಲ್ಲಿ ಚೌಧರಿ ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದಾರೆ. ಮತ್ತೆ ಸ್ಟ್ರೆಚ್ ಮಾಡಿದ ಮೇಲೆ ಕಾಲು ಜಾಸ್ತಿ ಏಳುತ್ತಲ್ಲ ಅಂತೀರಾ? ಏಳುತ್ತೆ. 2010ರಲ್ಲಿ ವೆಪ್ಲರ್ ಮತ್ತು ಮ್ಯಾಗ್ನುಸನ್ ಹಳೆಯ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿ ಹೇಳಿದ್ದು ಇಷ್ಟು: ಕೆಲವು ವಾರಗಳ ಸ್ಟ್ರೆಚಿಂಗ್‌ನಲ್ಲಿ ಸ್ನಾಯು ಉದ್ದ ಆಗೋದಕ್ಕಿಂತ, ಎಳೆತವನ್ನು ತಡೆದುಕೊಳ್ಳುವ ಶಕ್ತಿ ಹೆಚ್ಚೋದೇ ಮುಖ್ಯ ಕಾರಣ. ಅಂದ್ರೆ ನಮ್ಮ ಕೆಲಸ ಬಹುಪಾಲು ನರಮಂಡಲದ ಜೊತೆಗಿನ ಮಾತುಕತೆ. ಮೊಣಕೈ ಊರಿ ಕ್ಲೈಂಟ್ ಹಲ್ಲು ಕಚ್ಚುವ ಹಾಗೆ ಒತ್ತಿದರೆ ಆ ಮಾತುಕತೆ ಅಲ್ಲಿಗೇ ಮುಗೀತು. ನೋವಿದ್ದರೇ ಕೆಲಸ ಆಗಿದೆ ಅಂತ ನಂಬಿರುವ ಕ್ಲೈಂಟ್‌ಗಳು ನಮ್ಮಲ್ಲಿ ಜಾಸ್ತಿ. ಅವರನ್ನು ಒಪ್ಪಿಸೋದು ಇನ್ನೊಂದು ಕಸರತ್ತು ಬಿಡಿ.

ಯಾರ ಮೈ ಮುಟ್ಟಬಾರದು ಅನ್ನೋದಕ್ಕೆ ಎಷ್ಟು ಹೊತ್ತು ಕೊಡ್ತಾರೆ ಅನ್ನೋದರ ಮೇಲೆ ನಾನು ಕೋರ್ಸ್‌ಗೆ ಬೆಲೆ ಕಟ್ಟುತ್ತೇನೆ. ಒಂದೇ ಕಡೆಯ ಮೀನಖಂಡ ಊದಿದೆ, ಬಿಸಿ ಇದೆ, ನೋಯುತ್ತೆ, ಮೊನ್ನೆಯಷ್ಟೇ ಆಪರೇಷನ್ ಆಗಿದೆ ಅಥವಾ ದೂರದ ವಿಮಾನ ಪ್ರಯಾಣ ಮಾಡಿ ಬಂದಿದ್ದಾರೆ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಅದು ಕಳಚಿಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅವತ್ತೇ ಆಸ್ಪತ್ರೆಗೆ ಕಳಿಸಬೇಕು. ಇನ್ನು ಕೆಲವರ ಮೈ ರಬ್ಬರ್ ಥರ ಬಾಗುತ್ತೆ. ಕಿರುಬೆರಳು ಹಿಂದಕ್ಕೆ ತೊಂಬತ್ತು ಡಿಗ್ರಿ, ಹೆಬ್ಬೆರಳು ಮುಂಗೈಗೆ ತಾಗುತ್ತೆ. ಇವರೇ "ಕತ್ತು ಬಿಗಿ" ಅಂತ ಬಂದು ಸ್ಟ್ರೆಚ್ ಕೇಳೋದು, ಅದೇ ತಮಾಷೆ. ಕೀಲು ಸಡಿಲ ಇರುವಾಗ ಸ್ನಾಯು ಅದನ್ನು ಕಾಯಲು ಬಿಗಿಯಾಗಿರುತ್ತೆ. ಇವರಿಗೆ ಬೇಕಾದ್ದು ಬಲ ತುಂಬುವ ವ್ಯಾಯಾಮ. ಕತ್ತಿನ ವಿಷಯ ಚಿಕ್ಕದಾಗಿ ಹೇಳ್ತೀನಿ: ಕಟಿಂಗ್ ಶಾಪ್‌ನಲ್ಲಿ ಮಾಡುವ ಹಾಗೆ ಲಟಕ್ ಅನ್ನಿಸಬೇಡಿ. ಕತ್ತಿನ ರಕ್ತನಾಳ ಹರಿದು ಪಾರ್ಶ್ವವಾಯು ಆದ ಉದಾಹರಣೆಗಳಿವೆ. ವೀಕೆಂಡ್ ಕೋರ್ಸ್‌ನಲ್ಲಿ ಅದನ್ನು ಕಲಿಸ್ತೀವಿ ಅಂದವರ ಹತ್ತಿರ ಹೋಗಲೇಬೇಡಿ.

ಅಮೆರಿಕದ ಫ್ಲೋರಿಡಾದಲ್ಲಿ ಎರಡು ವರ್ಷಕ್ಕೊಮ್ಮೆ 24 ಗಂಟೆ, ನ್ಯೂಯಾರ್ಕ್‌ನಲ್ಲಿ ಮೂರು ವರ್ಷಕ್ಕೆ 36 ಗಂಟೆ ಇಂಥ ಮುಂದುವರಿದ ಕಲಿಕೆ ಮಾಡಿದರೇ ಮಸಾಜ್ ಲೈಸೆನ್ಸ್ ನವೀಕರಣ ಆಗೋದು. ನಮ್ಮಲ್ಲಿ ಫಿಸಿಯೋಥೆರಪಿಸ್ಟರಿಗೆ 2021ರ ಕಾಯ್ದೆ ಬಂದಿದೆ, ಮಸಾಜ್ ಮಾಡುವವರಿಗೆ ಅಂಥ ಲೈಸೆನ್ಸೇ ಇಲ್ಲ. ಹಾಗಾಗಿ "ಅಂತರರಾಷ್ಟ್ರೀಯ ಮಾನ್ಯತೆ" ಅಂತ ಬರೆದಿದ್ದರೆ ಯಾವ ದೇಶದ ಯಾವ ಮಂಡಳಿ ಅಂತ ನೇರವಾಗಿ ಕೇಳಿ. ಗಲ್ಫ್‌ಗೋ ಅಮೆರಿಕಕ್ಕೋ ಹೋಗುವ ಯೋಚನೆ ಇದ್ದವರು ದುಡ್ಡು ಕಟ್ಟುವ ಮೊದಲೇ ಅಲ್ಲಿನ ಮಂಡಳಿಯಿಂದಲೇ ತಿಳಿದುಕೊಳ್ಳಿ.

ಉಳಿದಂತೆ ಫೋನ್ ಮಾಡಿದಾಗ ಒಬ್ಬ ಟೀಚರ್‌ಗೆ ಎಷ್ಟು ಜನ ಅಂತ ಕೇಳಿ. ಹತ್ತು ಹನ್ನೆರಡರ ಮೇಲಾದರೆ ನಿಮ್ಮ ಟೇಬಲ್ ಹತ್ತಿರ ಅವರು ಬರೋದೇ ಇಲ್ಲ. ಇನ್ನೊಂದು ಚಿಕ್ಕ ಪ್ರಶ್ನೆ: ಮೀನಖಂಡದ ಸ್ಟ್ರೆಚ್ ಮೊಣಕಾಲು ನೇರ ಇಟ್ಟು ಒಮ್ಮೆ, ಮಡಿಸಿ ಒಮ್ಮೆ ಯಾಕೆ ಮಾಡಿಸ್ತೀರಿ? ಮೇಲಿನ ಸ್ನಾಯು ಮೊಣಕಾಲನ್ನು ದಾಟುತ್ತೆ, ಒಳಗಿನ ಸೋಲಿಯಸ್ ದಾಟುವುದಿಲ್ಲ, ಮಡಿಸಿದಾಗ ಎಳೆತ ಅದಕ್ಕೆ ಹೋಗುತ್ತೆ. ಇದನ್ನು ನಿಮಗೆ ಅರ್ಥವಾಗುವಂತೆ ಹೇಳಿದರೆ ಅವರ ಹತ್ತಿರ ಕಲಿಯಬಹುದು. ಬರೀ "ಅದೊಂದು ಪ್ರೋಟೋಕಾಲ್" ಅಂದರೆ ಫೋನ್ ಇಡಿ.

ಹಾಂ, ನಿಮ್ಮ ಹೆಬ್ಬೆರಳನ್ನೂ ಕೇಳಿಕೊಂಡು ಹೋಗಿ. ಟೇಬಲ್ ಎಷ್ಟು ಎತ್ತರ ಇಡಬೇಕು, ಕಾಲು ಹಿಂದೆಮುಂದೆ ಇಟ್ಟು ಮೈಭಾರವನ್ನು ಹೇಗೆ ಹಾಕಬೇಕು, ಭಾರದ ಕಾಲನ್ನು ಬೆಲ್ಟ್‌ನಲ್ಲಿ ಹೇಗೆ ಹಿಡಿಯಬೇಕು ಅಂತ ಹೇಳಿಕೊಡದ ಕೋರ್ಸ್ ಮುಗಿಸಿ ಬಂದರೆ ದಿನಕ್ಕೆ ಆರು ಕ್ಲೈಂಟ್ ನೋಡುವವರಿಗೆ ಮೊದಲು ಕೈಕೊಡೋದು ಹೆಬ್ಬೆರಳಿನ ಬುಡದ ಕೀಲೇ.